ಒಂದು ಹತ್ತರ ಬಸ್ಸು, ಒಟ್ಟು ಸೊನ್ನೆ

ಕಳೆದ ಸೆಪ್ಟೆಂಬರ್ ಹದಿನಾರರಂದು ಬೆಳಿಗ್ಗೆ ಹನ್ನೊಂದೂವರೆಗೆ ನಡೆದ ಸಾರಿಗೆ ದೂರುಗಳ ಸಭೆಯಲ್ಲಿ ನಾನು ತಯಾರಿಸಿದ ನಾಲ್ಕು ಪುಟಗಳ ಪಟ್ಟಿಯೊಂದು ಸಲ್ಲಿಕೆಯಾಯಿತು. ಅದರ ಕೊನೆಯ ಸಾಲಿನಲ್ಲಿ, ‘ಮೂರು ತಿಂಗಳಲ್ಲಿ ರದ್ದಾದ ಒಟ್ಟು ಟ್ರಿಪ್’ ಎಂಬುದರ ಎದುರು, ಸೊನ್ನೆ ಎಂದಿತ್ತು. ನಿಜವಾದ ಸಂಖ್ಯೆ ಮೂವತ್ತಮೂರು.

ಆ ಸೊನ್ನೆ ಹಾಕಿದ್ದು ಕಂಪ್ಯೂಟರು. ಹಾಕಿಸಿದ್ದು ನಾನು. ಮೂವತ್ತು ವರ್ಷ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಂಡವನು. ಪುಟ ಅಚ್ಚಿಗೆ ಹೋಗುವ ಮುಂಚೆ ಕೊನೆಯ ಸಾಲು ಓದದೆ ಬಿಟ್ಟದ್ದಿಲ್ಲ ಎಂದು ನಿವೃತ್ತಿಯ ದಿನ ಸಹೋದ್ಯೋಗಿಗಳು ಹೊಗಳಿದ್ದರು. ಆ ದಿನ ಬೆಳಿಗ್ಗೆ ನಾನು ಓದದೆ ಬಿಟ್ಟದ್ದು ಕೊನೆಯ ಸಾಲನ್ನೇ.

ದೂರು ನನ್ನದಾಗಿರಲಿಲ್ಲ. ನಮ್ಮ ಮನೆಯಿಂದ ಮೂರನೇ ಮನೆಯ ಬಾಯಮ್ಮನದು. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ನಾವು ಕರೆಯುವುದು ಹಾಗೆಯೇ. ಐವತ್ತಾರು ವರ್ಷದವರು, ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಹನ್ನೊಂದು ವರ್ಷದಿಂದ ಅಲ್ಲಿಯೇ, ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರ ಡ್ಯೂಟಿ. ಮಲಗಿದಲ್ಲೇ ಇರುವ ರೋಗಿಗಳನ್ನು ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು ಅವರ ಕೆಲಸ. ನಾವಿಬ್ಬರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬಿಕರ್ನಕಟ್ಟೆಯಿಂದ ಒಳಗೆ ಇಳಿದು ಹೋಗುವ ದಾರಿಯ ಕೊನೆಯ ಸ್ಟಾಪ್. ದಿನಕ್ಕೆ ಹದಿನಾಲ್ಕು ಟ್ರಿಪ್ ಬರಬೇಕೆಂದು ಪರ್ಮಿಟ್ ಉಂಟು. ಏಳನೆಯದು ಮಧ್ಯಾಹ್ನ ಒಂದು ಹತ್ತಕ್ಕೆ. ಅದಕ್ಕೆ ನಮ್ಮಲ್ಲಿ ಊಟದ ಟ್ರಿಪ್ ಎಂದು ಹೆಸರು. ಆ ಹೊತ್ತಿಗೆ ಡ್ರೈವರು, ಕಂಡಕ್ಟರು ಬಿಕರ್ನಕಟ್ಟೆಯಲ್ಲಿ ಊಟಕ್ಕೆ ಇಳಿಯುತ್ತಾರೆ. ಜನ ಕಡಿಮೆ ಇದ್ದರೆ ಒಳಗೆ ಬರದೆ ಅಲ್ಲಿಂದಲೇ ಬಸ್ಸು ತಿರುಗಿಸಿ ಪೇಟೆಗೆ ಹೋಗಿಬಿಡುತ್ತಾರೆ. ಟ್ರಿಪ್ ಕಟ್ ಎನ್ನುವುದು ಇದನ್ನೇ. ಊಟ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆ ಆರಕ್ಕೆ ಸ್ಟಿಯರಿಂಗ್ ಹಿಡಿದವನಿಗೆ ಒಂದು ಗಂಟೆಗೆ ಇಪ್ಪತ್ತು ನಿಮಿಷ ಕೊಡದೆ ಸಮಯಪಟ್ಟಿ ಬರೆದವರ ಮೇಲೆ ಉಂಟು.

ಬಸ್ಸು ಬಾರದ ದಿನ ಬಾಯಮ್ಮ ಗುಡ್ಡ ಹತ್ತಿ ಬಿಕರ್ನಕಟ್ಟೆಗೆ ನಡೆಯಬೇಕು. ಅವರ ಬಲ ಮೊಣಕಾಲು ಸವೆದಿದೆ. ನರ್ಸಿಂಗ್ ಹೋಮ್ ಮುಟ್ಟುವಾಗ ಎರಡೂ ಇಪ್ಪತ್ತು, ಎರಡೂವರೆ. ಜುಲೈಯಲ್ಲಿ ಒಂದು ಮೆಮೋ ಸಿಕ್ಕಿತು. ಆಗಸ್ಟಿನಲ್ಲಿ ಎರಡನೆಯದು. ಮೂರನೆಯದು ಬಂದರೆ ಕೆಲಸ ಇಲ್ಲ ಎಂದು ಎರಡನೆಯದರಲ್ಲೇ ಬರೆದಿತ್ತು. ಬಸ್ಸು ಬರುವುದಿಲ್ಲ ಎಂದು ಬಾಯಮ್ಮ ಹೇಳಿದ್ದಕ್ಕೆ ಅಲ್ಲಿನ ಮ್ಯಾನೇಜರು, ಹಾಗಂತ ಸಾರಿಗೆಯವರಿಂದ ಕಾಗದ ತನ್ನಿ, ಎರಡು ಮೆಮೋವನ್ನೂ ಹಿಂದಕ್ಕೆ ತಗೊಳ್ತೇವೆ ಎಂದರಂತೆ. ಆ ಒಂದು ಕಾಗದಕ್ಕಾಗಿ ಬಾಯಮ್ಮ ನನ್ನ ಮನೆಗೆ ಬಂದರು. ಬರುವಾಗ ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು, ಸುರುಳಿ ಸುತ್ತಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ತಂದಿದ್ದರು.

ಅವರ ಮನೆಯಲ್ಲಿ ಹಾಲು, ಗ್ಯಾಸ್, ಇಗರ್ಜಿಯ ಹಬ್ಬ, ಮೊಮ್ಮಗಳ ಜ್ವರ ಎಲ್ಲ ಬರೆಯುವುದು ಆ ಕ್ಯಾಲೆಂಡರಿನ ಚೌಕಗಳಲ್ಲಿ. ಜೂನ್ ಒಂದರಿಂದ ಪ್ರತಿ ಡ್ಯೂಟಿ ದಿನದ ಚೌಕದ ಕೆಳಮೂಲೆಯಲ್ಲಿ ಬಸ್ಸು ಬಂದ ಸಮಯವನ್ನೂ ಬರೆದಿದ್ದರು: ೧-೧೦, ೧-೧೪, ೧-೧೧. ಬಾರದ ದಿನ ಒಂದೇ ಅಕ್ಷರ, ‘ನಾ’. ಕೊಂಕಣಿಯಲ್ಲಿ ‘ಇಲ್ಲ’ ಎಂದು ಅರ್ಥ. ಅವರು ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲಿ. ಪೆನ್ನು ಒಂದೇ ಬಣ್ಣದ್ದಲ್ಲ. ಒಂದು ದಿನದ ‘ನಾ’ ಕಾಡಿಗೆಯದು, ಕಣ್ಣುರೆಪ್ಪೆಗೆ ಹಚ್ಚುವ ಪೆನ್ಸಿಲಿನದು. ಮೂವತ್ತು ವರ್ಷದಲ್ಲಿ ನನ್ನ ಮೇಜಿಗೆ ಬಂದ ವರದಿಗಳಲ್ಲಿ ಇಷ್ಟು ಶುದ್ಧವಾದದ್ದು ಹೆಚ್ಚು ಇರಲಿಲ್ಲ. ವರದಿಗಾರ ಸ್ಥಳದಲ್ಲಿದ್ದಾನೆ, ಕಂಡ ಕೂಡಲೇ ಬರೆದಿದ್ದಾನೆ, ವಿಶೇಷಣವೇ ಇಲ್ಲ.

ದೂರು ಕಾಗದ ನಾನೇ ಬರೆದೆ. ಸಹಿ ಅವರದು. ಸಾರಿಗೆ ಕಚೇರಿಯ ನೋಟಿಸಿನಲ್ಲಿ, ಪೂರಕ ದಾಖಲೆಗಳನ್ನು ಕೋಷ್ಟಕದ ರೂಪದಲ್ಲಿ, ಒಟ್ಟು ಮೊತ್ತದೊಂದಿಗೆ ಸಲ್ಲಿಸಬೇಕು ಎಂದಿತ್ತು. ಆದ್ದರಿಂದ ನಾನು ಸ್ಪ್ರೆಡ್‌ಶೀಟ್ ಕಲಿಯಲು ಕೂತೆ. ಕಲಿತದ್ದು ಒಂದು ಮಧ್ಯಾಹ್ನ, ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ. ಅಡ್ಡಸಾಲು, ಕಂಬಸಾಲು, ಅವು ಕೂಡುವಲ್ಲಿ ಒಂದು ಮನೆ. ಕೆಳಗಿನ ಖಾಲಿ ಮನೆಯಲ್ಲಿ ಸಮ ಚಿಹ್ನೆ ಹಾಕಿ, ಇಂಗ್ಲಿಷಿನಲ್ಲಿ ಸಮ್, ಅಂದರೆ ಮೊತ್ತ, ಎಂದು ಬರೆದು, ಯಾವ ಮನೆಯಿಂದ ಯಾವ ಮನೆಯವರೆಗೆ ಎಂದು ಹೇಳಿದರೆ ಅದೇ ಕೂಡಿಸುತ್ತದೆ. ಮೇಲೆ ಏನು ಬದಲಾದರೂ ಮೊತ್ತ ತಾನಾಗಿ ಬದಲಾಗುತ್ತದೆ ಎಂದು ವಿಡಿಯೋದವನು ಹೇಳಿದ. ನಾನು ನಂಬಿದೆ. ಮೊದಲೇ ಕೆಳಗೆ ಸೂತ್ರ ಹಾಕಿಟ್ಟೆ. ಆಗ ಮೇಲೆಲ್ಲ ಖಾಲಿ, ಸೂತ್ರದ ಮನೆಯಲ್ಲಿ ಸೊನ್ನೆ. ಸರಿಯೇ. ಆಮೇಲೆ ಎಪ್ಪತ್ತಾರು ದಿನಗಳನ್ನು ಒಂದೊಂದಾಗಿ ತುಂಬಿಸಿದೆ. ಬಸ್ಸು ಬಾರದ ದಿನದ ಎದುರು ಒಂದು ಎಂದು ಹೊಡೆದೆ. ಮೂವತ್ತಮೂರು ಸಲ.

ಹೊಡೆದದ್ದು ಕನ್ನಡದ ೧. ನಮ್ಮ ಪತ್ರಿಕೆಯಲ್ಲಿ ಅಂಕಿ ಕನ್ನಡದಲ್ಲೇ ಇರಬೇಕೆಂಬ ನಿಯಮ ಇತ್ತು. ಆ ನಿಯಮದ ಕಾವಲುಗಾರ ನಾನೇ. ಇಂಗ್ಲಿಷ್ ಅಂಕಿ ಹೊಡೆದ ಟ್ರೈನಿ ಹುಡುಗಿಯೊಬ್ಬಳನ್ನು ಎಲ್ಲರ ಎದುರು ಬೈದು ಅಳಿಸಿದ್ದೂ ಉಂಟು. ನನ್ನ ಬೆರಳುಗಳು ಬೇರೆ ಅಂಕಿ ಹೊಡೆಯುವುದೇ ಇಲ್ಲ.

ಹೊಡೆದು ಮುಗಿಸಿ, ಚಂದ ಕಾಣಲಿ ಎಂದು ಎಲ್ಲವನ್ನೂ ನಡುವಿಗೆ ತಂದು ನಿಲ್ಲಿಸಿದೆ. ಅದೂ ಪುಟವಿನ್ಯಾಸದ ಚಾಳಿ. ಕೊನೆಯ ಪುಟ ಪ್ರಿಂಟ್ ಆಗಿ ಬಂದದ್ದು ಸಭೆಗೆ ಹೊರಡುವ ಹತ್ತು ನಿಮಿಷ ಮುಂಚೆ. ಕಣ್ಣಾಡಿಸಿದೆ. ಕೊನೆಯ ಸಾಲಿನಲ್ಲಿ ಅಂಕಿ ಇದೆಯೇ ಎಂದು ನೋಡಿದೆ, ಇತ್ತು. ಯಾವ ಅಂಕಿ ಎಂದು ನೋಡಲಿಲ್ಲ. ಕನ್ನಡದ ಸೊನ್ನೆಯೂ ಇಂಗ್ಲಿಷಿನ ಸೊನ್ನೆಯೂ ನೋಡಲು ಒಂದೇ. ಅಷ್ಟು ಕನ್ನಡ ಅಂಕಿಗಳ ಕೆಳಗೆ ಅದು ಪರಕೀಯವಾಗಿ ಕಾಣಲೂ ಇಲ್ಲ.

ಸಭೆಯಲ್ಲಿ ಬಾಯಮ್ಮ ನನ್ನ ಪಕ್ಕದಲ್ಲಿ ಕೂತಿದ್ದರು, ಡ್ಯೂಟಿಗೆ ನೇರ ಹೋಗಲು ಊಟದ ಡಬ್ಬಿ ಸಮೇತ. ಎದುರಿಗೆ ಬಸ್ಸಿನ ಮಾಲೀಕರ ಪರವಾಗಿ ಬಂದ ಅವರ ಮ್ಯಾನೇಜರು, ಇಸ್ತ್ರಿ ಮುದುರದ ಅಂಗಿ. ಅವರ ಬಳಿಯೂ ಒಂದು ಸ್ಪ್ರೆಡ್‌ಶೀಟ್ ಇತ್ತು, ಬಣ್ಣದಲ್ಲಿ. ಮೂರು ತಿಂಗಳಿಗೆ ಮೂರು ಹಸಿರು ಕಂಬ. ಮೂರೂ ಹಾಳೆಯ ನೆತ್ತಿ ಮುಟ್ಟುವಷ್ಟು ಎತ್ತರ. ಕೆಳಗೆ ದಪ್ಪಕ್ಷರದಲ್ಲಿ ಶೇಕಡಾ ತೊಂಬತ್ತೇಳು. ಪರ್ಮಿಟ್‌ನ ತೊಂಬತ್ತೇಳು ಶೇಕಡಾ ಟ್ರಿಪ್ ಓಡಿಸಿದ್ದೇವೆ, ಉಳಿದ ಮೂರು ಟಯರ್ ಪಂಕ್ಚರು, ರೋಡ್ ಬ್ಲಾಕು ಎಂದರು. ಸಭೆ ನಡೆಸುತ್ತಿದ್ದ ಸಾರಿಗೆ ಅಧಿಕಾರಿ ಹಸಿರು ಕಂಬಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಮ್ಯಾನೇಜರು ನನ್ನ ನಾಲ್ಕನೇ ಪುಟ ಎತ್ತಿಕೊಂಡರು.

“ಸರ್, ನಾವು ಮೂರು ಪರ್ಸೆಂಟ್ ಕಟ್ ಒಪ್ಪಿಕೊಂಡೆವು. ಇವರ ಪಟ್ಟಿಯಲ್ಲಿ ಅದೂ ಇಲ್ಲ. ನೋಡಿ, ಒಟ್ಟು ಸೊನ್ನೆ. ನಮಗಿಂತ ಒಳ್ಳೆ ಸರ್ಟಿಫಿಕೇಟ್ ಇವರೇ ಕೊಟ್ಟಿದ್ದಾರೆ.”

ಕೋಣೆಯಲ್ಲಿದ್ದವರು ನಕ್ಕರು. ಬಾಯಮ್ಮ ತೊಟ್ಟೆಯಿಂದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಬಿಚ್ಚಲು ನೋಡಿದರು. ಸುರುಳಿ ಮತ್ತೆ ಮತ್ತೆ ಮಡಿಚಿಕೊಳ್ಳುತ್ತಿತ್ತು. ಅಧಿಕಾರಿ, ಅದೆಲ್ಲ ಬೇಡ ಅಮ್ಮ, ದಾಖಲೆ ಎಂದರೆ ಕೊಟ್ಟ ಕಾಗದ, ಗೋಡೆಯ ಕ್ಯಾಲೆಂಡರ್ ಅಲ್ಲ ಎಂದರು. ನಾನು ಎದ್ದು, ಕೂಡಿಸುವಲ್ಲಿ ತಪ್ಪಾಗಿದೆ, ಪುಟಗಳಲ್ಲಿ ಒಂದೊಂದಾಗಿ ಎಣಿಸಿ ನೋಡಿ ಎಂದೆ. ಹನ್ನೆರಡು ದೂರು ಬಾಕಿ ಉಂಟು ಎಂದರು. ಎಣಿಸಲು ಎರಡು ನಿಮಿಷ ಸಾಕಿತ್ತು. ಎರಡು ನಿಮಿಷ ಯಾರೂ ಕೊಡಲಿಲ್ಲ. ದೂರುದಾರರು ಸಲ್ಲಿಸಿದ ದಾಖಲೆಯ ಪ್ರಕಾರವೇ ರದ್ದಾದ ಟ್ರಿಪ್ ಸೊನ್ನೆ, ದೂರನ್ನು ಮುಕ್ತಾಯಗೊಳಿಸಲಾಗಿದೆ ಎಂದು ನಡಾವಳಿ ಬರೆಯಲಾಯಿತು.

ಹೊರಗೆ ಮೆಟ್ಟಿಲಿನ ಬಳಿ ಬಾಯಮ್ಮ ಕೇಳಿದರು: “ಅಣ್ಣ, ಸೊನ್ನೆ ಅಂದರೆ ನಾನು ಸುಳ್ಳು ಹೇಳಿದ್ದು ಅಂತ ಆಯ್ತಲ್ಲವಾ?”

ಅಲ್ಲ, ತಪ್ಪು ನನ್ನದು ಎಂದೆ. ಅವರು ಕೈಗಡಿಯಾರ ನೋಡಿಕೊಂಡು ಡ್ಯೂಟಿಗೆ ನಡೆದರು. ಆ ದಿನ ಅವರಿಗೆ ತಡವಾಗಲಿಲ್ಲ, ಪೇಟೆಯಲ್ಲೇ ಇದ್ದರಲ್ಲ.

ಬಿಕರ್ನಕಟ್ಟೆಯಲ್ಲಿ ಒಂದು ಡಿಟಿಪಿ ಅಂಗಡಿ ಉಂಟು. ದೈವದ ನೇಮದ ಆಮಂತ್ರಣ, ಮದುವೆ ಕಾಗದ, ಇಗರ್ಜಿಯ ತಿಂಗಳ ಪತ್ರಿಕೆ, ಶ್ರದ್ಧಾಂಜಲಿಯ ಬ್ಯಾನರ್ ಎಲ್ಲ ಅಲ್ಲಿಯೇ. ನಡೆಸುವುದು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಅಂದು ಮಧ್ಯಾಹ್ನ ಮೂರಕ್ಕೆ ಪೆನ್‌ಡ್ರೈವ್ ಹಿಡಿದುಕೊಂಡು ಅಲ್ಲಿಗೆ ಹೋದೆ. ಇದು ಯಾಕೆ ಕೂಡಿಸುವುದಿಲ್ಲ ಎಂದು ಕೇಳಿದೆ. ಸ್ವರ ಸ್ವಲ್ಪ ಏರಿತ್ತಿರಬೇಕು. ಲ್ಯಾಮಿನೇಶನ್ನಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

ಆಕೆ ನನ್ನ ಪಟ್ಟಿ ತೆರೆದು, ನಡುವಿಗೆ ತಂದು ನಿಲ್ಲಿಸಿದ್ದನ್ನೆಲ್ಲ ಒಂದೇ ಒತ್ತಿಗೆ ತೆಗೆದರು. ನನ್ನ ಮೂವತ್ತಮೂರು ಒಂದುಗಳು ಸರಸರನೆ ತಮ್ಮ ಮನೆಗಳ ಎಡಗೋಡೆಗೆ ಹೋಗಿ ನಿಂತವು. ಕೆಳಗಿನ ಸೊನ್ನೆ ಮಾತ್ರ ಬಲಗೋಡೆಗೆ.

“ಅಂಕಿ ಆದರೆ ಬಲಕ್ಕೆ ನಿಲ್ತದೆ ಸರ್. ಎಡಕ್ಕೆ ನಿಂತದ್ದು ಅಕ್ಷರ. ನಿಮ್ಮ ಒಂದು ಇದಕ್ಕೆ ಅಂಕಿ ಅಲ್ಲ, ಅ ಆ ಇ ಈ ಇದ್ದ ಹಾಗೆ. ಅಕ್ಷರವನ್ನು ಎಂತ ಕೂಡಿಸುವುದು ಅದು?” ಎಂದರು. ಆಮೇಲೆ ಸೇರಿಸಿದರು: “ನಿಮಗೆ ಹೇಳಿಕೊಟ್ಟೂ ಇತ್ತು ಅದು. ನೀವೇ ಎಲ್ಲವನ್ನೂ ನಡುವಿಗೆ ನಿಲ್ಲಿಸಿ ಅದರ ಬಾಯಿ ಮುಚ್ಚಿಸಿದ್ದು.”

ಒಂದು ಮನೆಯಲ್ಲಿ ಇಂಗ್ಲಿಷ್ ಒಂದು ಹೊಡೆದರು. ಸೊನ್ನೆ ಇದ್ದಲ್ಲಿ ಒಂದು ಬಂತು. ಎರಡನೆಯದು ಹೊಡೆದರು, ಎರಡು. ಆಮೇಲೆ ಕುರ್ಚಿ ಬಿಟ್ಟು ಎದ್ದು, ಉಳಿದದ್ದು ನೀವೇ ಹೊಡೆಯಿರಿ, ಇಲ್ಲದಿದ್ದರೆ ಇನ್ನೊಂದು ಸಲ ನನ್ನ ಹತ್ತಿರವೇ ಬರಬೇಕಾಗ್ತದೆ ಎಂದು ಲ್ಯಾಮಿನೇಶನ್ ಮೆಷಿನ್ನಿನ ಕಡೆ ಹೋದರು. ನಾನು ಕೂತು ಹೊಡೆದೆ. ಒಂದೊಂದು ಹೊಡೆತಕ್ಕೂ ಕೆಳಗಿನ ಅಂಕಿ ಏರುತ್ತ ಹೋಯಿತು. ಮೂವತ್ತಮೂರಕ್ಕೆ ನಿಂತಿತು. ನಾಲ್ಕೂವರೆ ತಾಸು ಮುಂಚೆ, ಸಭೆಗೆ ಹೊರಡುವ ಮೊದಲು, ಇಷ್ಟು ಮಾಡಿದ್ದರೆ ಆ ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಆ ಟ್ರೈನಿ ಹುಡುಗಿಯ ನೆನಪೂ ಆಯಿತು. ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಅವಳ ಅಂಕಿ ಕೂಡುತ್ತಿತ್ತು.

ಮುಂದಿನ ಸಭೆ ಎರಡು ತಿಂಗಳ ಬಳಿಕ. ಮುಗಿದ ದೂರನ್ನು ಮತ್ತೆ ತೆರೆಯಲಾಗುವುದಿಲ್ಲ, ಹೊಸದಾಗಿ ಕೊಡಿ ಎಂದರು ಕಚೇರಿಯಲ್ಲಿ. ಹೊಸದಾಗಿ ಕೊಟ್ಟೆವು. ಜೊತೆಗೆ ಬಸ್ಸಿನವರು ಸಲ್ಲಿಸಿದ ಹಸಿರು ಕಂಬದ ಪಟ್ಟಿಯ ಪ್ರತಿಯನ್ನೂ ಕೇಳಿ ಪಡೆದೆ. ಅದರ ಹಿಂದೆ ದಿನವಾರು ಲೆಕ್ಕ ಲಗತ್ತಿಸಿದ್ದರು: ಇಂಥ ದಿನ ಹದಿನಾಲ್ಕು ಟ್ರಿಪ್, ಇಂಥ ದಿನ ಹದಿಮೂರು. ಸಭೆಯಲ್ಲಿ ಯಾರೂ ಆ ಪುಟ ತಿರುಗಿಸಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಅಕ್ಟೋಬರಿನ ಮೂರು ವಾರ, ದಿನಾ ಮಧ್ಯಾಹ್ನ ಡಿಟಿಪಿ ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ನಾನು ನಿಜವಾಗಿ ಕಲಿತೆ. ಆಕೆಯ ಪಾಠಕ್ಕೆ ಒಂದೇ ಷರತ್ತು: ಮೊದಲು ಹತ್ತು ಸಾಲನ್ನು ಬೆರಳಿನಲ್ಲಿ ಎಣಿಸಿ ಉತ್ತರ ಬರೆದಿಡಬೇಕು, ಆಮೇಲೆ ಸೂತ್ರ ಹಾಕಬೇಕು, ಎರಡೂ ಹೊಂದಿದರೆ ಮಾತ್ರ ಮುಂದೆ. ಮೊತ್ತ ಕಲಿತೆ. ಇಂಥ ಅಂಕಿ ಎಷ್ಟು ಸಲ ಬಂದಿದೆ ಎಂದು ಎಣಿಸುವ ಸೂತ್ರ ಕಲಿತೆ. ಜೂನ್ ಮೂರು ಎಂದು ಹೊಡೆದದ್ದನ್ನು ಅದು ಮಾರ್ಚ್ ಆರು ಎಂದು ತಿಳಿದು, ಗ್ರಾಫಿನಲ್ಲಿ ಮಳೆಗಾಲದ ಬಸ್ಸು ಬೇಸಿಗೆಯಲ್ಲಿ ಓಡಿತು. ಒಂದು ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು. ಪೇಪರಿನವರು ತಾರೀಕು ತಪ್ಪಿಸ್ತೀರಲ್ಲ ಸರ್ ಎಂದರು ಆಕೆ.

ಆಮೇಲೆ ಸರಾಸರಿ ಬಂತು.

ಬಸ್ಸಿನ ಮ್ಯಾನೇಜರ ದಿನವಾರು ಲೆಕ್ಕವನ್ನು ಒಂದು ಕಂಬಸಾಲಿನಲ್ಲಿ ಹೊಡೆದು ಸರಾಸರಿ ತೆಗೆದೆ. ದಿನಕ್ಕೆ ಹದಿಮೂರೂವರೆಗಿಂತ ಚೂರು ಹೆಚ್ಚು. ಹದಿನಾಲ್ಕರಲ್ಲಿ ಅದು ತೊಂಬತ್ತೇಳು ಶೇಕಡಾ. ಮತ್ತೆ ತೆಗೆದೆ. ಅದೇ. ಮ್ಯಾನೇಜರು ಸುಳ್ಳು ಹೇಳಿರಲಿಲ್ಲ. ಸಿಟ್ಟು ನಿಜವಾಗಿ ಏರಿದ್ದು ಆಗ. ಸುಳ್ಳಾಗಿದ್ದರೆ ಹಿಡಿಯುವುದು ನನಗೆ ಗೊತ್ತಿತ್ತು, ಅದೇ ನನ್ನ ಕಸುಬು. ಇದು ಸತ್ಯ. ಹಸಿರು ಬಣ್ಣ ಹಚ್ಚಿ, ಎತ್ತರ ನಿಲ್ಲಿಸಿ, ಒಬ್ಬ ಹೆಂಗಸಿನ ಕೆಲಸದ ಮೇಲೆ ಇಟ್ಟ ಸತ್ಯ.

ಅದೇ ಲೆಕ್ಕದಲ್ಲಿ ಹದಿಮೂರು ಎಂಬ ಅಂಕಿ ಎಷ್ಟು ದಿನ ಬಂದಿದೆ ಎಂದು ಎಣಿಸಿದೆ. ಮೂವತ್ತೊಂದು. ಹನ್ನೆರಡು ಎಂದು ಒಂದು ದಿನವೂ ಇಲ್ಲ. ಎಂದರೆ ಮೂವತ್ತೊಂದು ದಿನ ಒಂದೊಂದೇ ಟ್ರಿಪ್ ತಪ್ಪಿದೆ. ಪಕ್ಕದ ಕಂಬಸಾಲಿನಲ್ಲಿ ಬಾಯಮ್ಮನ ಕ್ಯಾಲೆಂಡರನ್ನು ಇಟ್ಟೆ, ತಾರೀಕಿಗೆ ತಾರೀಕು. ಎರಡೂ ಹೊಂದುತ್ತವೆಯೇ ಎಂದು ಪ್ರತಿ ಸಾಲಿನಲ್ಲಿ ಕೇಳುವ ಸೂತ್ರವನ್ನು ಆಕೆ ಹೇಳಿಕೊಟ್ಟರು, ನಾನು ಹಾಕಿದೆ, ಮೂಲೆ ಹಿಡಿದು ಕೆಳಗೆ ಎಳೆದೆ. ಮಾಲೀಕರ ಲೆಕ್ಕದ ಮೂವತ್ತೊಂದು ಹದಿಮೂರುಗಳೂ ಬಾಯಮ್ಮನ ‘ನಾ’ ಇರುವ ದಿನಗಳ ಎದುರೇ ಬಂದು ನಿಂತವು. ಒಂದೂ ತಪ್ಪಲಿಲ್ಲ. ಕ್ಯಾಲೆಂಡರಿನ ಇನ್ನೆರಡು ‘ನಾ’ಗಳಿಗೆ ಅವರ ಲೆಕ್ಕದಲ್ಲಿ ಹದಿನಾಲ್ಕು ಎಂದಿತ್ತು. ಆ ಎರಡನ್ನು ದಾಖಲೆಯಿಂದ ಸಾಬೀತು ಮಾಡಲಾಗದು ಎಂದು ಬೇರೆಯೇ ಬರೆದಿಟ್ಟೆ.

ಆಕೆ ಪರದೆಯ ಮೇಲೆ ಬೆರಳಿಟ್ಟು ಸಾಲುಗಳನ್ನು ಎಣಿಸಿದರು. “ಅಂದರೆ ಉಳಿದ ಹದಿಮೂರು ಟ್ರಿಪ್ಪೂ ದಿನಾ ಓಡಿದೆ. ಕಟ್ ಆದದ್ದು ಪೂರ್ತಿ ಇದೊಂದೇ. ಎಂತ ಸಾವು ಮಾರಾಯ್ರೆ ಇದು, ಇವರ ಮೂರು ಪರ್ಸೆಂಟ್ ಅಂದರೆ ಬಾಯಮ್ಮ ಒಬ್ಬರೇ ಅಲ್ಲವಾ ಸರ್?”

ಗ್ರಾಫಿಗೆ ಮೊದಲು ನಾನು ದುಂಡಗಿನದನ್ನು ಆರಿಸಿದ್ದೆ, ಕೇಕಿನ ತುಂಡಿನ ಹಾಗಿನದು. ಅದರಲ್ಲೂ ಮೂರು ಶೇಕಡಾ ಒಂದು ತೆಳ್ಳಗಿನ ಸೀಳು ಅಷ್ಟೇ. ಕಂಬ ಹಾಕಿ ಎಂದರು. ಅಡ್ಡಗೆರೆಯ ಮೇಲೆ ಒಂದರಿಂದ ಹದಿನಾಲ್ಕರವರೆಗೆ ಟ್ರಿಪ್. ನೇರಗೆರೆಯಲ್ಲಿ ಎಷ್ಟು ದಿನ ಕಟ್ ಎಂಬುದು, ಸೊನ್ನೆಯಿಂದ ಶುರು. ಒತ್ತಿದೆ. ಒಂದರಿಂದ ಆರರವರೆಗೆ ಖಾಲಿ. ಎಂಟರಿಂದ ಹದಿನಾಲ್ಕರವರೆಗೆ ಖಾಲಿ. ಏಳರ ಮೇಲೆ ಒಂದೇ ಒಂದು ಕಂಬ. ಯಾವ ಬಣ್ಣ ಕೊಡಲಿ ಎಂದರು. ಬಣ್ಣ ಬೇಡ, ಕಪ್ಪು ಇರಲಿ ಎಂದೆ.

ಡೆಸ್ಕಿನಲ್ಲಿದ್ದಾಗ ಎಷ್ಟೋ ಕಚೇರಿಗಳ, ಕಂಪನಿಗಳ ಪ್ರಕಟಣೆಗಳು ನನ್ನ ಕೈ ದಾಟಿ ಹೋಗಿವೆ. ಇಷ್ಟು ಶೇಕಡಾ ನೀರು ಪೂರೈಕೆ, ಇಷ್ಟು ಶೇಕಡಾ ಹಾಜರಾತಿ, ಇಷ್ಟು ಶೇಕಡಾ ಅರ್ಜಿ ವಿಲೇವಾರಿ. ಅವುಗಳ ವ್ಯಾಕರಣ ತಿದ್ದಿದೆ, ಶೀರ್ಷಿಕೆ ಕೊಟ್ಟೆ, ಕನ್ನಡ ಅಂಕಿ ಹಾಕಿಸಿದೆ. ಉಳಿದ ಶೇಕಡಾ ಯಾರು, ಯಾವ ಓಣಿಯವರು, ಯಾವ ಹೊತ್ತಿನವರು ಎಂದು ಒಂದು ಸಲವೂ ಫೋನ್ ಮಾಡಿ ಕೇಳಲಿಲ್ಲ. ದಿನವಾರು ಲೆಕ್ಕ ಕಳಿಸಿ ಎಂದು ಒಬ್ಬರಿಗೂ ಹೇಳಲಿಲ್ಲ. ಹಸಿರು ಕಂಬ ನೋಡಿ ತಲೆಯಾಡಿಸಿದ ಅಧಿಕಾರಿಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆ ಎಷ್ಟಿದೆ ಎಂಬುದು ನನಗೆ ಗೊತ್ತು. ಆದರೂ ಸಿಟ್ಟು ಇತ್ತು, ಈಗಲೂ ಉಂಟು.

ಗ್ರಾಫ್ ಸಿದ್ಧವಾದದ್ದು ಅಕ್ಟೋಬರ್ ಇಪ್ಪತ್ತಮೂರಕ್ಕೆ. ಇಪ್ಪತ್ತೇಳರಂದು ಒಂದು ಹತ್ತರ ಬಸ್ಸು ಬರಲಿಲ್ಲ. ಬಾಯಮ್ಮ ಗುಡ್ಡ ಹತ್ತಿ ಹೋದರು, ನರ್ಸಿಂಗ್ ಹೋಮಿಗೆ ಮುಟ್ಟುವಾಗ ಎರಡೂ ಇಪ್ಪತ್ತೈದು. ಮರುದಿನ ಮೂರನೇ ಮೆಮೋ ಕೊಟ್ಟು, ತಿಂಗಳ ಕೊನೆಯಿಂದ ಬರುವುದು ಬೇಡ ಎಂದರು. ಸಾರಿಗೆಯವರ ಕಾಗದದ ಬಗ್ಗೆ ಬಾಯಮ್ಮ ನೆನಪಿಸಿದಾಗ ಅಲ್ಲಿನ ಮ್ಯಾನೇಜರು ಫೈಲಿನಿಂದ ಒಂದು ಹಾಳೆ ತೆಗೆದು ತೋರಿಸಿದರಂತೆ. ಸೆಪ್ಟೆಂಬರಿನ ಸಭೆಯ ನಡಾವಳಿ. ಅದು ದೂರುದಾರರಾದ ಬಾಯಮ್ಮನ ಹೆಸರಿಗೆ ಅಂಚೆಯಲ್ಲಿ ಬಂದಿತ್ತು. ಕಾಗದ ಬಂದರೆ ತೋರಿಸಿ ಎಂದಿದ್ದರಿಂದ ಅವರೇ ಅದನ್ನು ಒಯ್ದು ಕೊಟ್ಟಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಗೊತ್ತಿದ್ದೂ ಕೊಟ್ಟಿರಾ ಎಂದು ಕೇಳಿದೆ.

“ತರಲಿಕ್ಕೆ ಹೇಳಿದ್ದರಲ್ಲ ಅಣ್ಣ. ಅಡಗಿಸಿ ಇಟ್ಟರೆ ಆಗ ನಿಜವಾಗಿ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲವಾ?”

ನವೆಂಬರಿನ ಸಭೆಗೆ ಬಾಯಮ್ಮ ಬರಲಿಲ್ಲ. ಹೋಗಿ ಬನ್ನಿ ಎಂದು ಕ್ಯಾಲೆಂಡರನ್ನು ಮಾತ್ರ ಕೊಟ್ಟರು. ಅದೇ ಅಧಿಕಾರಿ, ಬಸ್ಸಿನವರ ಅದೇ ಮ್ಯಾನೇಜರು. ಅಧಿಕಾರಿಗೆ ನನ್ನ ಗುರುತು ಸಿಕ್ಕಿತು.

“ಎಂತ ಮಾರಾಯ್ರೆ, ಈ ಸಲ ಒಟ್ಟು ಎಷ್ಟು ಬಂತು?”

ಮತ್ತೆ ನಗು. ನಾನು ಒಂದು ಹಾಳೆ ಕೊಟ್ಟೆ, ಒಂದೇ ಕಂಬದ್ದು. ಮ್ಯಾನೇಜರು, ಸರ್ ಅದು ಹಳೆಯ ಮೂರು ಪರ್ಸೆಂಟಿನ ವಿಷಯ ಎಂದರು. ಮೂರು ಪರ್ಸೆಂಟ್ ಸರಿಯಾಗಿಯೇ ಉಂಟು, ನಿಮ್ಮದೇ ಲೆಕ್ಕ, ನಾನು ಒಂದಂಕಿ ಬದಲಿಸಿಲ್ಲ, ಆ ಮೂರು ಪರ್ಸೆಂಟ್ ಪೂರ್ತಿ ಒಂದೇ ಬಸ್ಸು ಎಂದೆ. ಆಮೇಲೆ ಅವರದೇ ದಿನವಾರು ಪುಟವನ್ನು ಕ್ಯಾಲೆಂಡರಿನ ಪಕ್ಕ ಇಟ್ಟು, ತಾರೀಕು ಓದತೊಡಗಿದೆ. ಜೂನ್ ನಾಲ್ಕು, ನೀವು ಹದಿಮೂರು, ಇಲ್ಲಿ ನಾ. ಜೂನ್ ಏಳು, ನೀವು ಹದಿಮೂರು, ಇಲ್ಲಿ ನಾ. ಒಂಬತ್ತನೆಯದಕ್ಕೆ ಅಧಿಕಾರಿ ಸಾಕು ಎಂದರು. ನಾನು ನಿಲ್ಲಿಸಲಿಲ್ಲ. ಮೂವತ್ತೊಂದನ್ನೂ ಓದಿದೆ. ಎರಡು ನಿಮಿಷ ಹತ್ತು ಸೆಕೆಂಡ್ ಹಿಡಿಯಿತು. ಆ ಹೊತ್ತಿಗೆ ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಅದು ನನಗೆ ಸಮಾಧಾನವನ್ನೇನೂ ಕೊಡಲಿಲ್ಲ.

ಪಂಕ್ಚರುಗಳೆಲ್ಲ ಒಂದು ಹತ್ತಕ್ಕೇ ಆಗ್ತವಾ ಎಂದು ಅಧಿಕಾರಿ ಮ್ಯಾನೇಜರನ್ನು ಕೇಳಿದರು. ಮ್ಯಾನೇಜರು ಸಿಬ್ಬಂದಿಯ ಊಟದ ವಿಷಯ ಹೇಳಿದರು. ಊಟಕ್ಕೆ ಸಮಯಪಟ್ಟಿಯಲ್ಲಿ ಜಾಗ ಮಾಡಿಕೊಡುವುದು ಮಾಲೀಕರ ಹೊಣೆ, ಟ್ರಿಪ್ ಕಡ್ಡಾಯವಾಗಿ ಓಡಿಸಬೇಕು, ಒಳಗಿನ ಕೊನೆಯ ಸ್ಟಾಪಿನಲ್ಲಿ ದಿನಾ ಸಹಿ ಹಾಕುವ ಪುಸ್ತಕ ಇಡಬೇಕು ಎಂದು ಆದೇಶವಾಯಿತು.

ಸೆಪ್ಟೆಂಬರಿನ ನಡಾವಳಿಯಲ್ಲಿರುವ ಸೊನ್ನೆಯನ್ನು ತಿದ್ದಿ ಕೊಡಿ ಎಂದು ನಾನು ಬರವಣಿಗೆಯಲ್ಲಿ ಕೇಳಿದೆ. ಸಹಿಯಾದ ನಡಾವಳಿ ತಿದ್ದುವ ಕ್ರಮ ಇಲ್ಲ ಎಂದು ಗುಮಾಸ್ತರು ಹೇಳಿದರು. ನನ್ನ ದಾಖಲೆ, ನನ್ನ ತಪ್ಪು, ನಾನೇ ಬಂದು ಹೇಳುತ್ತಿದ್ದೇನೆ ಎಂದೆ. ಅದಕ್ಕೆ ಅವರು, ಪೇಪರಿನಲ್ಲಾದರೆ ಮರುದಿನ ತಪ್ಪೊಪ್ಪಿಗೆ ಹಾಕ್ತೀರಿ, ನಮ್ಮಲ್ಲಿ ಹಾಗೆ ಕಾಲಂ ಇಲ್ಲ ಸರ್ ಎಂದರು. ಈಗ ಕಚೇರಿಯ ಕಡತದಲ್ಲಿ ಎರಡೂ ಉಂಟು, ಒಂದರ ಮೇಲೊಂದು. ಸೊನ್ನೆಯದೂ, ಮೂವತ್ತೊಂದರದೂ.

ನವೆಂಬರಿನ ಆದೇಶದ ಪ್ರತಿಯನ್ನು ಹಿಡಿದು ನಾನೂ ಬಾಯಮ್ಮನೂ ನರ್ಸಿಂಗ್ ಹೋಮಿಗೆ ಹೋದೆವು. ಅಲ್ಲಿನ ಮ್ಯಾನೇಜರು ಕೂರಿಸಿ, ಗ್ರಾಫನ್ನೂ ನೋಡಿದರು. ಚಂದ ಮಾಡಿದ್ದೀರಿ ಎಂದರು. ಆ ಜಾಗಕ್ಕೆ ಬೇರೆಯವರನ್ನು ತಗೊಂಡಾಗಿದೆ, ಮುಂದೆ ಖಾಲಿಯಾದರೆ ತಿಳಿಸುತ್ತೇವೆ ಎಂದರು. ಬಾಯಮ್ಮನ ಫೋನ್ ನಂಬರು ಬರೆದುಕೊಂಡರು. ಹನ್ನೊಂದು ವರ್ಷದಿಂದ ಅವರ ರಿಜಿಸ್ಟರಿನಲ್ಲಿದ್ದ ನಂಬರು ಅದು. ಹೊರಗೆ ಬರುವಾಗ ವಾರ್ಡಿನ ಕಡೆಯಿಂದ ಒಬ್ಬ ಮುದುಕರು ಬಾಯಮ್ಮನನ್ನು ಕಂಡು ಕೈ ಎತ್ತಿದರು. ಬಾಯಮ್ಮ ಒಳಗೆ ಹೋಗಿ, ಅವರ ದಿಂಬು ಸರಿಮಾಡಿ ಬಂದರು.

ಸ್ಟಾಪಿನ ಪಕ್ಕದ ಗೂಡಂಗಡಿಯಲ್ಲಿ ಸಹಿ ಪುಸ್ತಕ ಇಟ್ಟಿದ್ದಾರೆ. ನಾನು ವಾರಕ್ಕೊಮ್ಮೆ ಹೋಗಿ ಅದನ್ನು ನೋಡಿ, ಸ್ಪ್ರೆಡ್‌ಶೀಟಿನಲ್ಲಿ ತುಂಬಿಸುತ್ತೇನೆ, ಇಂಗ್ಲಿಷ್ ಅಂಕಿಯಲ್ಲಿ, ಬಲಗೋಡೆಗೆ. ತುಂಬಿಸುವ ಮುಂಚೆ ಬೆರಳಿನಲ್ಲಿ ಎಣಿಸುತ್ತೇನೆ. ಡಿಸೆಂಬರ್ ಒಂದರಿಂದ ಈ ಶನಿವಾರದವರೆಗೆ ಒಂದು ಹತ್ತರ ಟ್ರಿಪ್ ಒಂದು ದಿನವೂ ತಪ್ಪಿಲ್ಲ. ಬಾಯಮ್ಮನ ಹೊಸ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲು ಉಂಟು, ಗ್ಯಾಸ್ ಉಂಟು, ಬಸ್ಸಿನ ಸಮಯ ಇಲ್ಲ. ಶನಿವಾರ ಬಸ್ಸು ಒಂದು ಹನ್ನೆರಡಕ್ಕೆ ಬಂತು. ನಮ್ಮ ಸ್ಟಾಪಿನಲ್ಲಿ ಯಾರೂ ಹತ್ತಲಿಲ್ಲ.